ಮೊರಿಯಾರ್ಟಿ ಟೀಗೆ ಬರೋ ಸೀನ್ ಬಗ್ಗೆ ಮಾತಾಡೋರು ಯಾರಾದ್ರೂ ಇದೀರಾ (ಕಥೆ ಪೂರ್ತಿ ಹೇಳಿದೀನಿ, ಹುಷಾರು)

ಮಂಡಗದ್ದೆ_ಹಕ್ಕಿ

ಬಿಬಿಸಿಯ ಶರ್ಲಾಕ್ ಹೋಮ್ಸ್ ಸೀರಿಯಲ್ 'ಶರ್ಲಾಕ್' ನೋಡಿದೋರಿಗೆ ಮಾತ್ರ ಈ ಪೋಸ್ಟು. ನೋಡದೇ ಇರೋರು ಇಲ್ಲಿಂದಲೇ ವಾಪಸ್ ಹೋಗಿ, ಆಮೇಲೆ ಎಲ್ಲಾ ಹೇಳಿಬಿಟ್ಯಲ್ಲೋ ಅಂತ ಬೈಬೇಡಿ.

ಆಂಡ್ರ್ಯೂ ಸ್ಕಾಟ್ ಮಾಡಿರೋ ವಿಲನ್ ಮೊರಿಯಾರ್ಟಿ ಸುದ್ದಿ ಬಂದ್ರೆ ಸಾಕು, ಎಲ್ರೂ ಒಂದಾ ಸ್ವಿಮ್ಮಿಂಗ್ ಪೂಲ್ ಸೀನ್ ಹೇಳ್ತಾರೆ ಇಲ್ಲಾ ಆಸ್ಪತ್ರೆ ಟೆರೇಸ್ ಸೀನ್ ಹೇಳ್ತಾರೆ. ನಂಗೆ ಮಾತ್ರ ಎರಡನೇ ಸೀಸನ್ನಿನ ಕೊನೇ ಎಪಿಸೋಡಲ್ಲಿ, ಅದೇ 2012ರ ಜನವರಿ 15ಕ್ಕೆ ಬಂದಿದ್ದು, ಅದ್ರಲ್ಲಿ ಕೋರ್ಟಿಂದ ಬಿಡುಗಡೆ ಆಗಿ ಸೀದಾ ಶರ್ಲಾಕ್‌ನ ಬೇಕರ್ ಸ್ಟ್ರೀಟ್ ಮನೆಗೆ ಬರ್ತಾನಲ್ಲ, ಅದೇ ಎಲ್ಲದಕ್ಕಿಂತ ಮೇಲೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಹೊರಗಡೆ ಮಳೆ ಹಿಡ್ಕೊಂಡಿದೆ, ಕೊಳೆರೋಗಕ್ಕೆ ಔಷಧಿ ಹೊಡೆಯೋಕೂ ಆಗ್ತಿಲ್ಲ, ಬೇರೆ ಕೆಲಸನೂ ಇಲ್ಲ.

ಶರ್ಲಾಕ್‌ನ ಗೆಳೆಯ ಜಾನ್ ಫೋನ್ ಮಾಡಿ ಮೊರಿಯಾರ್ಟಿ ಬಿಡುಗಡೆ ಆದ ಅಂತ ಹೇಳ್ತಿದ್ದ ಹಾಗೆ ಶರ್ಲಾಕ್ ಫೋನ್ ಇಟ್ಟು ನೀರು ಕಾಯಕ್ಕೆ ಇಡ್ತಾನೆ. ಬಾಗಿಲಿಗೆ ಚಿಲಕ ಹಾಕಲ್ಲ, ಪೊಲೀಸ್ ಕರೆಯಲ್ಲ, ಟೀ ಇಡ್ತಾನೆ! ಆಮೇಲೆ ಪಿಟೀಲು ಎತ್ಕೊಂಡು ನುಡಿಸ್ತಾ ನಿಲ್ತಾನೆ. ಕೆಳಗಡೆ ಬೀಗ ತೆಗೆದ ಸದ್ದು, ಮೆಟ್ಲು ಹತ್ತೋ ಸದ್ದು, ಒಂದು ಮೆಟ್ಲು ಕಿರ್ರ್ ಅಂದಾಗ ಪಿಟೀಲು ನಿಲ್ಲತ್ತೆ, ಆ ಕಡೆ ಹೆಜ್ಜೆನೂ ನಿಲ್ಲತ್ತೆ, ಆಮೇಲೆ ಪಿಟೀಲು ಮತ್ತೆ ಶುರುವಾಗತ್ತೆ, ಹೆಜ್ಜೆನೂ ಶುರುವಾಗತ್ತೆ. ಇನ್ನೂ ಮುಖ ತೋರ್ಸಿಲ್ಲ ಮಾರಾಯ್ರೇ, ಅಷ್ಟರಲ್ಲೇ ನಂಗೆ ಕೈ ತಣ್ಣಗಾಗಿತ್ತು.

ಒಳಗೆ ಬಂದ ಮೇಲೆ ಶರ್ಲಾಕ್ ಪಿಟೀಲಿನ ಕಮಾನಿಂದ ಒಂದು ಕುರ್ಚಿ ತೋರಿಸ್ತಾನೆ ಕೂತ್ಕೋ ಅಂತ. ಅವನು ಬಟ್ಟಲಿಂದ ಒಂದು ಸೇಬು ಎತ್ಕೊಂಡು, ತೋರಿಸಿದ ಕುರ್ಚಿ ಬಿಟ್ಟು ಶರ್ಲಾಕ್‌ನ ಸ್ವಂತ ಕುರ್ಚಿಲೇ ಹೋಗಿ ಕೂರ್ತಾನೆ. ಮಾತಾಡ್ತಾ ಮಾತಾಡ್ತಾ ಸಣ್ಣ ಚಾಕೂಲಿ ಆ ಸೇಬು ಕೆತ್ತುತಾ ಇರ್ತಾನೆ, ಸಂಗೀತಗಾರ ಬಾಕ್ ಸಾಯೋ ಹೊತ್ತಿನ ಕಥೆ ಹೇಳ್ತಾನೆ, ಮಗ ಅರ್ಧಕ್ಕೆ ನಿಲ್ಸಿದ ಸಂಗೀತನ ಮುಗಿಸೋಕೆ ಹಾಸಿಗೆಯಿಂದ ಎದ್ದು ಬಂದ ಅಂತ. ಇಡೀ ಸೀನಲ್ಲಿ ಒಂದು ಬೈಗುಳ ಇಲ್ಲ, ಒಂದು ಪಿಸ್ತೂಲ್ ಇಲ್ಲ, ನೆಂಟರ ಮನೆಗೆ ಬಂದೋನ ಹಾಗೆ ಕಾಲ್ ಮೇಲೆ ಬೆರಳಾಡಿಸ್ಕೊಂಡು ಕೂತಿರ್ತಾನೆ. ನಿಂಗೊಂದು ಬೀಳೋದು ಬಾಕಿ ಇದೆ, ನಾನು ಕೊಡ್ಬೇಕು ಅನ್ನೋ ಅರ್ಥದ್ದು ಹೇಳಿ ಎದ್ದು ಹೋಗ್ತಾನೆ. ಆಮೇಲೆ ನೋಡಿದ್ರೆ ಸೇಬಲ್ಲಿ ಐ ಓ ಯು (ನಿಂಗೆ ಬಾಕಿ ಇದೀನಿ) ಅಂತ ಕೆತ್ತಿದಾನೆ.

ನನ್ನ ವಾದ ಇಷ್ಟೇ. ಈ ಮನುಷ್ಯ ಹೆದರಿಸೋದು ಕೆಟ್ಟವನು ಅಂತ ಅಲ್ಲ, ಅವನಿಗೆ ಬೇಜಾರು ಬಂದಿದೆ ಅಂತ. ಇದೇ ಎಪಿಸೋಡ್ ಶುರುವಲ್ಲಿ ನೋಡಿ, ಲಂಡನ್ ಟವರ್, ಬ್ಯಾಂಕ್ ಆಫ್ ಇಂಗ್ಲೆಂಡ್, ಪೆಂಟನ್‌ವಿಲ್ ಜೈಲು, ಮೂರನ್ನೂ ಒಂದೇ ಸಲಕ್ಕೆ ತೆಗೆದು ಹಾಕ್ತಾನೆ, ಒಂದು ಪೈಸೆದೂ ಕದಿಯಲ್ಲ. ಕಿರೀಟ ಹಾಕ್ಕೊಂಡು ಸಿಂಹಾಸನದ ಮೇಲೆ ಕೂತು ಪೊಲೀಸರು ಬರ್ಲಿ ಅಂತ ಕಾಯ್ತಾನೆ. ದುಡ್ಡು ಬೇಕು ಅನ್ನೋ ಕಳ್ಳನ್ನ ಹಿಡೀಬಹುದು, ಏನೂ ಬೇಡ ಅನ್ನೋನ ಹತ್ರ ಎಂತ ಮಾತಾಡ್ತೀರಿ? ಇದನ್ನ ಆ ಸ್ಕಾಟ್ ಡೈಲಾಗಲ್ಲಿ ಹೇಳಲ್ಲ, ಕಣ್ಣಲ್ಲಿ ತೋರಿಸ್ತಾನೆ, ಮಾತಾಡ್ತಾ ಇದ್ದ ಹಾಗೇ ಮಧ್ಯದಲ್ಲಿ ಕಣ್ಣು ಖಾಲಿ ಆಗ್ಬಿಡತ್ತೆ. ನಿಮಗೆ ಏನನ್ಸತ್ತೆ?

ಭದ್ರಾವತಿ_ಬಾಯ್ಲರ್

ಗುರೂ ನಂಗೆ ಓವರ್ ಆಕ್ಟಿಂಗ್ ಅನ್ಸ್ತು, ಕೋಪ ಮಾಡ್ಕೋಬೇಡ. ಪೂಲ್ ಸೀನಲ್ಲಿ ರಾಗ ಎಳೀತಾ ಎಳೀತಾ ಇದ್ದಕ್ಕಿದ್ದ ಹಾಗೆ ಕಿರುಚ್ತಾನಲ್ಲ, ಅಷ್ಟಕ್ಕೆ ಬ್ರಿಟಿಷರು ಅವಾರ್ಡ್ ಕೊಡ್ತಾರೆ, ನಮ್ಮ ವಜ್ರಮುನಿ ಹುಬ್ಬು ಎತ್ತಿದ್ರೆ ಥಿಯೇಟರಲ್ಲಿ ಹೆಂಗಸರು ಶಾಪ ಹಾಕೋರು, ಅವರಿಗೆ ಯಾವ ಬಾಫ್ಟಾ ಬಂತು?

ಅಡಿಕೆ_ಚೇಣಿ

ವಜ್ರಮುನಿ ಹೆಸರು ಬಂತು, ಇನ್ನು ಈ ಚರ್ಚೆ ಮುಗಿಯಲ್ಲ 😂

ಮಂಡಗದ್ದೆ_ಹಕ್ಕಿ

@ಬಾಯ್ಲರ್ ವಜ್ರಮುನಿಯವರ ಬಗ್ಗೆ ನಂದೇನೂ ತಕರಾರಿಲ್ಲ ಮಾರಾಯ, ಸಂಪತ್ತಿಗೆ ಸವಾಲ್ ನಮ್ಮನೇಲಿ ಇವತ್ತಿಗೂ ಟಿವೀಲಿ ಬಂದ್ರೆ ಚಾನೆಲ್ ಬದಲಾಯಿಸೋ ಹಾಗಿಲ್ಲ. ಆದ್ರೆ ಅವರು ಪರದೆಗೆ ಬಂದ ಕೂಡ್ಲೇ ಇವನು ವಿಲನ್ ಅಂತ ಗೊತ್ತಾಗತ್ತೆ, ಗೊತ್ತಾಗ್ಲಿ ಅಂತಲೇ ಹಂಗೆ ಬರ್ತಾರೆ, ಆ ಗತ್ತೇ ಬೇರೆ. ಇಲ್ಲಿ ಮೊದಲ ಸಲ ಇವನು ಬಂದಾಗ ನೀನು ಗಮನಿಸಿದ್ಯಾ ಹೇಳು? ಲ್ಯಾಬಲ್ಲಿ ಮಾಲಿ ಅನ್ನೋ ಹುಡುಗಿ ಜೊತೆ ಬರೋ ಐಟಿ ಡಿಪಾರ್ಟ್‌ಮೆಂಟಿನ ಜಿಮ್. ಒಂದು ನಿಮಿಷ ಇದ್ದು ಹೋಗ್ತಾನೆ. ಶರ್ಲಾಕ್ ಮೈಕ್ರೋಸ್ಕೋಪಿಂದ ತಲೆ ಕೂಡ ಸರಿಯಾಗಿ ಎತ್ತಲ್ಲ. ಹೋಗೋವಾಗ ತಟ್ಟೆ ಕೆಳಗೆ ಫೋನ್ ನಂಬರ್ ಇಟ್ಟು ಹೋಗ್ತಾನೆ, ನಾವೆಲ್ಲ ಅದನ್ನ ತಮಾಷೆ ಅಂದ್ಕೊಂಡು ನಕ್ವಿ.

ರಂಗದ_ಹಿಂದೆ

ಈ ಜಿಮ್ ವಿಷಯ ಎತ್ತಿದ್ದಕ್ಕೆ ಥ್ಯಾಂಕ್ಸ್, ನಾನು ಅದನ್ನೇ ಬರೀಬೇಕು ಅಂತಿದ್ದೆ. ಹೆಗ್ಗೋಡಿನಲ್ಲಿ ಒಂದು ಶಿಬಿರಕ್ಕೆ ಹೋಗಿದ್ದಾಗ ನಮಗೆ ಒಬ್ಬರು ಹೇಳ್ಕೊಡ್ತಿದ್ರು, ಪಾತ್ರ ಬದಲಾಯಿಸೋಕೆ ಮೊದಲು ಮುಖಕ್ಕೆ ಕೈ ಹಾಕಬೇಡಿ, ಬೆನ್ನಿಗೆ ಹಾಕಿ ಅಂತ. ಜಿಮ್ ಬೆನ್ನು ನೋಡಿ, ಸ್ವಲ್ಪ ಮುಂದಕ್ಕೆ ಬಾಗಿದೆ, ಕೈ ಎಲ್ಲಿಡಬೇಕು ಗೊತ್ತಿಲ್ಲ, ದೊಡ್ಡೋರ ಮುಂದೆ ನಿಂತ ಹುಡುಗನ ಸಂಕೋಚ. ಅದೇ ಮನುಷ್ಯ ಪೂಲ್ ಬಾಗಿಲಿಂದ ಬರೋವಾಗ ಸೂಟ್ ಹಾಕಿದಾನೆ, ಬೆನ್ನು ನೆಟ್ಟಗಿದೆ, ಕೈ ಜೇಬಲ್ಲಿದೆ, ನಂಬರ್ ಕೊಟ್ಟಿದ್ನಲ್ಲ ಫೋನ್ ಮಾಡ್ತೀಯ ಅಂದ್ಕೊಂಡಿದ್ದೆ ಅನ್ನೋ ಥರ ಮಾತು ಶುರು ಮಾಡ್ತಾನೆ. ಮೇಕಪ್ ಏನೂ ಇಲ್ಲ. ಅವನ ಐರಿಷ್ ಉಚ್ಚಾರ ಪೂರ್ತಿ ಬಿಟ್ಟುಕೊಂಡು ಮಾತಾಡ್ತಾನೆ, ಡಬ್ಲಿನ್ನಿನವನೇ ಅಲ್ವಾ, ಬೇರೆಯವರೆಲ್ಲ ಗರಿಗರಿ ಲಂಡನ್ ಇಂಗ್ಲಿಷ್ ಮಾತಾಡೋ ಜಾಗದಲ್ಲಿ ಇವನ ಮಾತು ತೇಲ್ತಾ ಬರತ್ತೆ.

ಅದಕ್ಕಿಂತ ಚಂದ ಮೋಸ ಮಾಡಿದೋರು ಬರೆದೋರು. ಮೊದಲ ಎಪಿಸೋಡಲ್ಲಿ ಛತ್ರಿ ಹಿಡ್ಕೊಂಡು ಗೋಡೌನಲ್ಲಿ ಒಬ್ಬ ನಿಂತಿರ್ತಾನಲ್ಲ, ಮಾರ್ಕ್ ಗ್ಯಾಟಿಸ್ ಮಾಡಿದ್ದು, ಸೀರಿಯಲ್ ಹುಟ್ಟುಹಾಕಿದ ಇಬ್ಬರಲ್ಲಿ ಅವನೂ ಒಬ್ಬ. ಎತ್ತರ, ಗತ್ತು, ತಣ್ಣನೆ ಮಾತು, ನಾವೆಲ್ಲ ಇವನೇ ಮೊರಿಯಾರ್ಟಿ ಅಂತ ಕೂತಿರ್ತೀವಿ, ಕೊನೆಗೆ ನೋಡಿದ್ರೆ ಶರ್ಲಾಕ್‌ನ ಸ್ವಂತ ಅಣ್ಣ. ವಿಲನ್ ಹಿಂಗಿರಬೇಕು ಅಂತ ತಲೇಲಿ ಒಂದು ಚಿತ್ರ ಕೂರಿಸಿ, ಆ ಚಿತ್ರನ ಅಣ್ಣಂಗೆ ಕೊಟ್ಟು, ವಿಲನ್ನನ್ನ ಐಟಿ ಹುಡುಗನ ವೇಷದಲ್ಲಿ ಒಳಗೆ ಬಿಟ್ರು.

ಆದ್ರೆ ಹಕ್ಕಿ, ನನ್ನ ಆಯ್ಕೆ ಟೀ ಸೀನ್ ಅಲ್ಲ. ರಿಚರ್ಡ್ ಬ್ರೂಕ್ ಸೀನ್. ಅದ್ರ ಬಗ್ಗೆ ಆಮೇಲೆ ಬರೀತೀನಿ, ಈಗ ರಿಹರ್ಸಲ್ ಇದೆ.

ಹೊಸನಗರ_ಮಳೆ

ನಾನು ಇನ್ನೂ ನೋಡಿಲ್ಲ, ಯಾರೂ ಮುಂದೆ ಹೇಳ್ಬೇಡಿ ಪ್ಲೀಸ್! ಎಷ್ಟು ಎಪಿಸೋಡ್ ಇದೆ ಅಂತ ಮಾತ್ರ ಹೇಳಿ.

ಎಳ್ಳಮಾಸೆ_ಜಾತ್ರೆ

@ಹೊಸನಗರ_ಮಳೆ ನಾಲ್ಕು ಸೀಸನ್, ಮಧ್ಯ ಒಂದು ಸ್ಪೆಷಲ್ ಸೇರಿ ಒಟ್ಟು 13 ತಂಗಿ, ಒಂದೊಂದು ಹತ್ತಿರ ಹತ್ತಿರ ಒಂದೂವರೆ ಗಂಟೆ. 2010ರಲ್ಲಿ ಶುರುವಾಗಿ 2017ಕ್ಕೆ ಮುಗೀತು. ಮೊದಲಿಂದಲೇ ನೋಡು, ಮತ್ತೆ ದಯವಿಟ್ಟು ಈ ಥ್ರೆಡ್ ಬಿಟ್ಟು ಓಡು.

ಸಾಗರ_ಮೇಷ್ಟ್ರು

ನಾನು ಹಳೇ ಕಾಲದವನು, ನನ್ನ ಅಭಿಪ್ರಾಯ ನಿಮಗೆ ರುಚಿಸಲಿಕ್ಕಿಲ್ಲ. ಕಾನನ್ ಡಾಯ್ಲ್ 1893ರ ಡಿಸೆಂಬರ್ ತಿಂಗಳ ಸ್ಟ್ರಾಂಡ್ ಪತ್ರಿಕೆಯಲ್ಲಿ ಮೊರಿಯಾರ್ಟಿಯನ್ನು ತಂದದ್ದೇ ಹೋಮ್ಸ್‌ನನ್ನು ಕೊಲ್ಲಲಿಕ್ಕೆ. ಅವನು ಗಣಿತದ ಪ್ರೊಫೆಸರ್. ಎತ್ತರದ ಬಡಕಲು ಮನುಷ್ಯ, ಉಬ್ಬಿದ ಹಣೆ, ಗುಳಿಬಿದ್ದ ಕಣ್ಣು, ಹಾವಿನ ಹಾಗೆ ತಲೆ ಆ ಕಡೆ ಈ ಕಡೆ ನಿಧಾನಕ್ಕೆ ಆಡಿಸುವವನು. ಆ ಮನುಷ್ಯನನ್ನು ಗ್ರಾನಡಾ ಟಿವಿಯವರ ಹಳೆಯ ಸರಣಿಯಲ್ಲಿ ಎರಿಕ್ ಪೋರ್ಟರ್ ಮಾಡಿದ್ದಾರೆ, ಜೆರೆಮಿ ಬ್ರೆಟ್ ಹೋಮ್ಸ್ ಆಗಿದ್ದ ಸರಣಿ. ಅದನ್ನು ನೋಡಿ ಆಮೇಲೆ ಮಾತಾಡೋಣ. ಅವರು ಕೂಗುವುದಿಲ್ಲ, ಕುಣಿಯುವುದಿಲ್ಲ, ಹೋಮ್ಸ್ ಮನೆಗೇ ಬಂದು ನಿಂತು ಎಚ್ಚರಿಕೆ ಕೊಟ್ಟು ಹೋಗುತ್ತಾರೆ, ಕೇಳಿದರೆ ಬೆನ್ನುಹುರಿ ನಡುಗಬೇಕು. ಕೊನೆಯ ಹೊಡೆದಾಟವನ್ನು ಸ್ವಿಟ್ಜರ್‌ಲ್ಯಾಂಡಿನ ರೈಕೆನ್‌ಬಾಕ್ ಜಲಪಾತಕ್ಕೇ ಹೋಗಿ ಚಿತ್ರೀಕರಿಸಿದ್ದಾರೆ. ನಿಮ್ಮ ಸೀರಿಯಲ್‌ನವರು ಜಲಪಾತ ಬಿಟ್ಟು ಆಸ್ಪತ್ರೆ ತಾರಸಿಗೆ ಹತ್ತಿಸಿದರು.

ನಿಮ್ಮ ಹುಡುಗ ಚೂಯಿಂಗ್ ಗಮ್ ಜಗಿಯುತ್ತಾನೆ, ಹಾಡಿಗೆ ಕುಣಿಯುತ್ತಾನೆ. ಖಳನಿಗೆ ಗಾಂಭೀರ್ಯ ಬೇಡವೇ?

ಅಡಿಕೆ_ಚೇಣಿ

ಮೇಷ್ಟ್ರೇ ರೈಕೆನ್‌ಬಾಕ್ ಎಷ್ಟು ಎತ್ತರ? ನಮ್ಮ ಜೋಗಕ್ಕಿಂತ ದೊಡ್ಡದಾ?

ಸಾಗರ_ಮೇಷ್ಟ್ರು

@ಅಡಿಕೆ_ಚೇಣಿ ಹೆಚ್ಚು ಕಡಿಮೆ ಒಂದೇ. ಜೋಗ 253 ಮೀಟರ್, ಅದು ಎಲ್ಲಾ ಹಂತ ಸೇರಿ ಸುಮಾರು 250. ಆದರೆ ನಮ್ಮ ರಾಜ ಒಂದೇ ಉಸಿರಿಗೆ ಕೆಳಗೆ ಬೀಳುತ್ತಾನೆ, ಅದು ಹಂತ ಹಂತವಾಗಿ ಇಳಿಯುತ್ತದೆ.

ಅಡಿಕೆ_ಚೇಣಿ

ಹಂಗಾದ್ರೆ ಹೋಮ್ಸ್ ಜೋಗಕ್ಕೆ ಬಂದಿದ್ರೆ ಮತ್ತೆ ಬದುಕಿ ಬರ್ತಿರ್ಲಿಲ್ಲ, ಡಾಯ್ಲ್‌ಗೂ ಕಷ್ಟ ತಪ್ತಿತ್ತು. ಅದೂ ಈ ಮಳೆಗಾಲದಲ್ಲಿ, ಮಂಜಲ್ಲಿ ಯಾರು ಬಿದ್ರು ಅಂತನೂ ಕಾಣಲ್ಲ 😂

ಎಳ್ಳಮಾಸೆ_ಜಾತ್ರೆ

ಮೇಷ್ಟ್ರೇ ಒಂದು ಪ್ರಶ್ನೆ. ಹೋದ ವರ್ಷ ಯಕ್ಷಗಾನದ ಥ್ರೆಡ್ಡಲ್ಲಿ ಚಿಟ್ಟಾಣಿಯವರ ಕೀಚಕನ ಬಗ್ಗೆ ನೀವೇ ಎರಡು ಪುಟ ಬರೆದಿದ್ರಿ, ಆ ಪ್ರವೇಶದ ಕುಣಿತ, ಆ ನಗು, ಆ ಶೃಂಗಾರ, ಬೆಳಗಿನ ಜಾವದವರೆಗೂ ಕಣ್ಣು ಮುಚ್ಚಲಿಲ್ಲ ಅಂತ. ಕೀಚಕ ಖಳನೇ ತಾನೆ? ಅವನು ಕುಣಿದ್ರೆ ಗಾಂಭೀರ್ಯ ಹೋಗಲ್ಲ, ಮೊರಿಯಾರ್ಟಿ ಕುಣಿದ್ರೆ ಹೋಗತ್ತಾ? 😊

ಸಾಗರ_ಮೇಷ್ಟ್ರು

ಅಕ್ಕಯ್ಯ ಸರಿಯಾದ ಜಾಗಕ್ಕೇ ಹೊಡೆದಿರಿ. ಆದರೆ ಕೇಳಿ. ಕೀಚಕ ಕುಣಿಯುವುದಕ್ಕೆ ಕಾರಣ ಇದೆ, ಅವನ ಎದುರು ಸೈರಂಧ್ರಿ ಇದ್ದಾಳೆ. ಆಸೆ ಅವನನ್ನು ಕುಣಿಸುತ್ತದೆ, ಆ ಆಸೆಯೇ ಅವನನ್ನು ನಾಟ್ಯಶಾಲೆಗೆ ಕರೆದುಕೊಂಡು ಹೋಗಿ ಭೀಮನ ಕೈಗೆ ಕೊಡುತ್ತದೆ. ಭಸ್ಮಾಸುರನೂ ಹಾಗೆಯೇ, ಮೋಹಿನಿಯ ಹಿಂದೆ ಕುಣಿದು ತಲೆ ಮೇಲೆ ಕೈ ಇಟ್ಟುಕೊಂಡ. ಚಿಟ್ಟಾಣಿಯವರು ಕುಣಿಯುವಾಗ ಆ ಆಸೆ ಹೆಜ್ಜೆ ಹೆಜ್ಜೆಗೂ ಕಾಣುತ್ತಿತ್ತು. ನಿಮ್ಮ ಮೊರಿಯಾರ್ಟಿ ಯಾವ ಆಸೆಗೆ ಕುಣಿಯುತ್ತಾನೆ? ಕಾರಣವೇ ಇಲ್ಲ. ಕಾರಣ ಇಲ್ಲದ ಕುಣಿತ ಕೋಡಂಗಿಯದು.

ಮಂಡಗದ್ದೆ_ಹಕ್ಕಿ

ಮೇಷ್ಟ್ರೇ ನಾನು ಮೇಲೆ ಹೇಳಿದ್ದನ್ನೇ ನೀವು ನನಗಿಂತ ಚೆನ್ನಾಗಿ ಹೇಳಿದ್ರಿ, ಬೇರೆ ಕಡೆಯಿಂದ ಬಂದು. ಆಸೆ ಇರೋ ಖಳನಿಗೆ ಒಂದು ಹಿಡಿಕೆ ಇರತ್ತೆ, ಅದನ್ನ ಹಿಡಿದು ಎಳೆದ್ರೆ ಬೀಳ್ತಾನೆ, ಕೀಚಕನ್ನ ಬೀಳ್ಸೋಕೆ ಒಂದು ಸೀರೆ ಸಾಕಾಯ್ತು. ಇವನನ್ನ ಏನು ತೋರ್ಸಿ ಕರೀತೀರಿ? ಶರ್ಲಾಕ್ ಇಡೀ ಎಪಿಸೋಡ್ ಅದನ್ನೇ ಹುಡುಕೋದು, ಎಲ್ಲಾ ಬಾಗಿಲು ತೆಗೆಯೋ ಒಂದು ಕೋಡ್ ಇವನ ಹತ್ರ ಇದೆ, ಅದನ್ನ ಟೀ ಕುಡಿಯೋವಾಗ ಬೆರಳಲ್ಲಿ ತಟ್ಟಿ ತೋರ್ಸಿದಾನೆ ಅಂತ ತಲೆ ಕೆಡಿಸ್ಕೊಂಡಿರ್ತಾನೆ. ಟೆರೇಸಲ್ಲಿ ಗೊತ್ತಾಗತ್ತೆ ಕೋಡೇ ಇಲ್ಲ, ಒಳಗಿನವರಿಗೆ ದುಡ್ಡು ಕೊಟ್ಟು ಬಾಗಿಲು ತೆಗೆಸಿದ್ದು, ಬೆರಳಲ್ಲಿ ತಟ್ಟಿದ್ದು ಬಾಕ್ ಸಂಗೀತದ ತಾಳ ಅಷ್ಟೇ! ಎಷ್ಟು ನಿಧಾನಕ್ಕೆ ಕೂತು ಆ ಬೆರಳಾಡಿಸ್ತಾನೆ ನೋಡಿ, ನೋಡು ನೋಡು ಅಂತ ತೋರಿಸಲ್ಲ, ಅದು ಕಂಡೂ ಕಾಣದ ಹಾಗೆ ಇದ್ರೆ ಮಾತ್ರ ಶರ್ಲಾಕ್ ಬೀಳ್ತಾನೆ ಅಂತ ಅವನಿಗೆ ಗೊತ್ತು. ಸ್ವಲ್ಪ ಜಾಸ್ತಿ ತಟ್ಟಿದ್ರೂ ನಮಗೆ ಅನುಮಾನ ಬರ್ತಿತ್ತು, ಸ್ವಲ್ಪ ಕಡಿಮೆ ಆಗಿದ್ರೆ ಆಮೇಲೆ ನೆನಪೇ ಆಗ್ತಿರ್ಲಿಲ್ಲ. ಅಷ್ಟು ಅಳತೆ ಇರೋ ನಟನೆಗೆ ಕೋಡಂಗಿ ಅನ್ನಬಾರ್ದು ಸರ್.

ಅಂದ ಹಾಗೆ ಚಿಟ್ಟಾಣಿಯವರಿಗೆ ಪದ್ಮಶ್ರೀ ಬಂದಿದ್ದೂ 2012, ಸ್ಕಾಟ್‌ಗೆ ಪೋಷಕ ನಟ ಅಂತ ಬಾಫ್ಟಾ ಬಂದಿದ್ದೂ 2012. ಖಳರಿಗೆ ಒಳ್ಳೇ ವರ್ಷ.

ಭದ್ರಾವತಿ_ಬಾಯ್ಲರ್

ಆ ಬಾಫ್ಟಾಲಿ ಅವನು ಸೋಲಿಸಿದ್ದು ಯಾರನ್ನ ಗೊತ್ತಾ, ಅದೇ ಸೀರಿಯಲ್ಲಿನ ಜಾನ್ ವಾಟ್ಸನ್ ಮಾರ್ಟಿನ್ ಫ್ರೀಮನ್ನನ್ನ. ಹಿಂದಿನ ವರ್ಷ ಫ್ರೀಮನ್‌ಗೆ ಬಂದಿತ್ತು. ಹೀರೋ ಫ್ರೆಂಡ್‌ನೂ ಬಿಡ್ಲಿಲ್ಲ ನೋಡು 😅 ಅಭಿಪ್ರಾಯ ಬದಲಾಗಿಲ್ಲ ನಂದು, ಸುಮ್ನೆ ಹೇಳ್ದೆ.

ಎಳ್ಳಮಾಸೆ_ಜಾತ್ರೆ

ನೀವೆಲ್ಲ ಮೊರಿಯಾರ್ಟಿ ಮೊರಿಯಾರ್ಟಿ ಅಂತಿದೀರ, ನನ್ನ ಕೇಳಿದ್ರೆ ಅದೇ ಸೀರಿಯಲ್ಲಿ ಅವನಿಗಿಂತ ಭಯಂಕರ ಒಬ್ಬ ಇದಾನೆ. ಮೂರನೇ ಸೀಸನ್ ಕೊನೇದರ ಮ್ಯಾಗ್ನುಸೆನ್. ಡೆನ್ಮಾರ್ಕಿನ ಲಾರ್ಸ್ ಮಿಕೆಲ್‌ಸನ್ ಮಾಡಿದ್ದು. ಪತ್ರಿಕೆಗಳ ಮಾಲೀಕ, ಎಲ್ಲರ ಗುಟ್ಟೂ ಅವನ ಹತ್ರ ಇರತ್ತೆ, ಅದನ್ನಿಟ್ಕೊಂಡು ಆಡಿಸ್ತಾನೆ. ಡಾಯ್ಲ್ ಬರೆದ ಮಿಲ್ವರ್ಟನ್ನೇ ಇವನು, ಮೇಷ್ಟ್ರಿಗೆ ಗೊತ್ತಿರತ್ತೆ.

ಒಂದು ಸೀನ್ ಹೇಳ್ತೀನಿ. ಜಾನ್‌ನ ಎದುರು ನಿಲ್ಲಿಸ್ಕೊಂಡು ಮುಖಕ್ಕೆ ಬೆರಳಲ್ಲಿ ಟಕ್ ಟಕ್ ಅಂತ ಹೊಡೀತಾನೆ. ಕಪಾಳಕ್ಕಲ್ಲ, ಬೆರಳ ತುದೀಲಿ, ಕೇರಂ ಸ್ಟ್ರೈಕರ್ ಹೊಡೆದ ಹಾಗೆ. ಜಾನ್ ಸೈನಿಕ, ಒಂದೇಟಿಗೆ ಇವನನ್ನ ಮಲಗಿಸಬಹುದು, ಆದ್ರೆ ಹೆಂಡತಿ ಗುಟ್ಟು ಅವನ ಹತ್ರ ಇದೆ, ಅಲ್ಲಾಡದೆ ನಿಂತಿರ್ತಾನೆ, ಕಣ್ಣು ರೆಪ್ಪೆ ಒಂದೇ ಹೊಡ್ಕೊಳ್ಳತ್ತೆ. ನಂಗೆ ಅದನ್ನ ಇವತ್ತಿಗೂ ಪೂರ್ತಿ ನೋಡೋಕಾಗಲ್ಲ, ಎದ್ದು ಅಡುಗೆಮನೆಗೆ ಹೋಗ್ತೀನಿ.

ಯಾಕೆ ಹೇಳಿ? ಮೊರಿಯಾರ್ಟಿ ಥರದವನನ್ನ ನಾನು ಯಾವತ್ತೂ ನೋಡಿಲ್ಲ, ನೋಡೋದೂ ಇಲ್ಲ. ಮ್ಯಾಗ್ನುಸೆನ್ ಥರದೋರು ಪ್ರತಿ ಊರಲ್ಲೂ ಒಬ್ಬರು ಇರ್ತಾರೆ. ಯಾರ ಪಹಣೀಲಿ ತಕರಾರಿದೆ, ಯಾರ ತೋಟ ಎಷ್ಟಕ್ಕೆ ಅಡ ಇದೆ, ಯಾರ ಮಗಳ ಮದುವೆ ಯಾಕೆ ನಿಂತು ಹೋಯ್ತು, ಎಲ್ಲಾ ಗೊತ್ತು, ಬಾಯಿ ಬಿಟ್ಟು ಏನೂ ಕೇಳಲ್ಲ, ಮನೆಗೆ ಬಂದು ಕಾಫಿ ಕುಡಿದು ಜಗಲೀಲಿ ಕೂತು ನಗ್ತಾ ಇರ್ತಾರೆ. ಮನೇಲಿ ಎಲ್ರೂ ಎದ್ದು ನಿಂತು ಮರ್ಯಾದೆ ಕೊಡ್ತಾರೆ. ನಂಗೆ ಅಂಥೋರನ್ನ ಕಂಡ್ರೆ ಹೆದರಿಕೆ. ಮಿಕೆಲ್‌ಸನ್ ಆ ಒದ್ದೆ ಕೈ, ಆ ಮೆಲ್ಲಗಿನ ಧ್ವನಿ, ಆ ಕನ್ನಡಕದ ಹಿಂದಿನ ಸತ್ತ ಕಣ್ಣು ಎಲ್ಲಾ ಸೇರಿಸಿ ಅದನ್ನೇ ಮಾಡಿದಾನೆ.

ಸಾಗರ_ಮೇಷ್ಟ್ರು

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆ ಡೇನಿಷ್ ನಟ ನಿಜವಾದ ಕಲಾವಿದ. ಗ್ರಾನಡಾದಲ್ಲಿ ಮಿಲ್ವರ್ಟನ್ ಪಾತ್ರ ರಾಬರ್ಟ್ ಹಾರ್ಡಿ ಮಾಡಿದ್ದು, 1992ರಲ್ಲಿ. ಅದೂ ನೋಡಿ, ನಗುನಗುತ್ತಾ ಮನೆ ಹಾಳು ಮಾಡುವುದು ಹೇಗೆ ಅಂತ ತಿಳಿಯುತ್ತದೆ.

ಅಡಿಕೆ_ಚೇಣಿ

ಅಕ್ಕ ನಿಮ್ಮೂರಿನ ಮ್ಯಾಗ್ನುಸೆನ್ ಯಾರು ಅಂತ ನಂಗೆ ಗೊತ್ತಾಯ್ತು, ಹೇಳಲ್ಲ 🤐

ಎಳ್ಳಮಾಸೆ_ಜಾತ್ರೆ

@ಅಡಿಕೆ_ಚೇಣಿ ನೀನೂ ಅದೇ ಕಸುಬು ಶುರು ಮಾಡ್ಬೇಡ.

ಮಂಡಗದ್ದೆ_ಹಕ್ಕಿ

ಅಕ್ಕ, ಮ್ಯಾಗ್ನುಸೆನ್ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಆದ್ರೆ ಅವನಿಗೂ ಆ ಹಿಡಿಕೆ ಇದೆ. ಎಲ್ಲಾ ದಾಖಲೆ ತನ್ನ ತಲೇಲೇ ಇದೆ, ಕಾಗದ ಯಾವ್ದೂ ಇಲ್ಲ ಅಂತ ಜಂಬದಲ್ಲಿ ಅವನೇ ಹೇಳಿ ತೋರಿಸ್ತಾನೆ, ಅಲ್ಲಿಗೆ ಶರ್ಲಾಕ್‌ಗೆ ದಾರಿ ಸಿಕ್ಬಿಡತ್ತೆ, ತಲೆಗೇ ಗುಂಡು. ಜಂಬನೂ ಒಂದು ಆಸೆನೇ. ಮೊರಿಯಾರ್ಟಿಗೆ ಹಂಗೆ ಗುಂಡು ಹೊಡೆದ್ರೂ ಪ್ರಯೋಜನ ಇಲ್ಲ, ಅವನೇ ಹೊಡ್ಕೊಳ್ತಾನಲ್ಲ.

ಇನ್ನೊಂದು, ಮೊದಲನೇ ಎಪಿಸೋಡಿನ ಟ್ಯಾಕ್ಸಿ ಡ್ರೈವರ್‌ನ ಎಲ್ರೂ ಮರೀತೀರ. ಫಿಲ್ ಡೇವಿಸ್. ಎರಡು ಮಾತ್ರೆ ಮುಂದಿಟ್ಟು ಒಂದು ಆರಿಸ್ಕೋ ಅಂತಾನಲ್ಲ. ಆ ಸ್ವೆಟರು, ಆ ದಣಿದ ಮುಖ, ಬಸ್‌ಸ್ಟ್ಯಾಂಡಿಂದ ಗೋಪಿ ಸರ್ಕಲ್‌ಗೆ ಬಿಡೋ ಆಟೋ ಅಣ್ಣನ ಪಕ್ಕ ಕೂರಿಸಿದ್ರೆ ಯಾರೂ ತಿರುಗಿ ನೋಡಲ್ಲ. ಸಾಯೋ ಮುಂಚೆ ಮೊರಿಯಾರ್ಟಿ ಹೆಸರು ಮೊದಲು ಬರೋದೇ ಅವನ ಬಾಯಲ್ಲಿ.

ರಂಗದ_ಹಿಂದೆ

ರಿಹರ್ಸಲ್ ಮುಗೀತು. ರಿಚರ್ಡ್ ಬ್ರೂಕ್ ಸೀನ್ ಬಗ್ಗೆ ಹೇಳ್ತೀನಿ ಅಂದಿದ್ನಲ್ಲ.

ಶರ್ಲಾಕೂ ಜಾನೂ ಆ ಪತ್ರಕರ್ತೆ ಮನೇಲಿ ಇರ್ತಾರೆ. ಬಾಗಿಲು ತೆಗೆದು ಒಬ್ಬ ಒಳಗೆ ಬರ್ತಾನೆ, ಗಡ್ಡ ಬಿಟ್ಟಿದಾನೆ, ಹಳೇ ಉಣ್ಣೆ ಅಂಗಿ, ಕೈಲಿ ಮನೆ ಸಾಮಾನು. ಇವರನ್ನ ನೋಡಿದ ಕೂಡ್ಲೇ ಎರಡೂ ಕೈ ಎತ್ತಿ ಗೋಡೆಗೆ ಅಂಟಿಕೊಳ್ತಾನೆ, ನನ್ನ ಮುಟ್ಟಬೇಡ ಅಂತ ನಡುಗ್ತಾನೆ. ಮೊರಿಯಾರ್ಟಿನೇ. ಆದ್ರೆ ಅವನು ಹೇಳೋದು, ನಾನು ನಟ, ಮಕ್ಕಳ ಟಿವೀಲಿ ಕಥೆ ಹೇಳೋನು, ಶರ್ಲಾಕೇ ನಂಗೆ ದುಡ್ಡು ಕೊಟ್ಟು ಮೊರಿಯಾರ್ಟಿ ಪಾತ್ರ ಮಾಡಿಸಿದ ಅಂತ.

ಈಗ ಇದನ್ನ ನಟನ ಕಡೆಯಿಂದ ಯೋಚನೆ ಮಾಡಿ. ಆಂಡ್ರ್ಯೂ ಸ್ಕಾಟ್ ಅನ್ನೋ ನಟ, ಮೊರಿಯಾರ್ಟಿ ಅನ್ನೋ ಖಳನಾಗಿ, ಅವನು ರಿಚರ್ಡ್ ಬ್ರೂಕ್ ಅನ್ನೋ ನಟನಾಗಿ, ಅವನು ನಾನು ಬರೀ ಮೊರಿಯಾರ್ಟಿ ಪಾತ್ರ ಮಾಡಿದ್ದೆ ಅಂತ ಅಳ್ತಾನೆ. ಎಷ್ಟು ಪದರ ಆಯ್ತು? ಸಾಮಾನ್ಯ ನಟ ಆಗಿದ್ರೆ ಇಲ್ಲೊಂದು ಕಣ್ಣು ಮಿಟುಕಿಸಿಬಿಡ್ತಿದ್ದ, ಪ್ರೇಕ್ಷಕರಿಗೆ ಸುಳಿವು ಕೊಡೋಕೆ ಅಂತ ತುಟಿ ತುದೀಲಿ ಒಂದು ನಗು ಇಡ್ತಿದ್ದ. ನಾವೆಲ್ಲ ಮಾಡೋ ತಪ್ಪು ಅದೇ, ಖಳನ ಪಾತ್ರ ಕೊಟ್ರೆ ನಾನು ಖಳ ಅಂತ ನಮಗೆ ಗೊತ್ತು ಅನ್ನೋದನ್ನ ತೋರ್ಸೋಕೆ ಹೋಗ್ತೀವಿ. ಅವನು ತೋರ್ಸಲ್ಲ. ಆ ಭಯ ನಿಜವಾದ ಭಯ. ನಾನು ಮೊದಲ ಸಲ ನೋಡಿದಾಗ ಒಂದು ಕ್ಷಣ ಅನ್ಸಿಬಿಡ್ತು, ಇಲ್ಲಿವರೆಗೆ ನೋಡಿದ್ದೆಲ್ಲ ಶರ್ಲಾಕ್ ಕಟ್ಟಿದ ನಾಟಕ ಇರಬಹುದಾ ಅಂತ. ಜಾನ್ ಮುಖದಲ್ಲೂ ಆ ಅನುಮಾನ ಒಂದು ಗಳಿಗೆ ಹಾದು ಹೋಗತ್ತೆ.

ಅವನು ಸಿನಿಮಾಗೆ ಅಂತ ತಯಾರಾದ ನಟ ಅಲ್ಲ, ಟ್ರಿನಿಟಿ ಕಾಲೇಜಲ್ಲಿ ನಾಟಕ ಓದ್ತಿದ್ದೋನು ಅರ್ಧಕ್ಕೆ ಬಿಟ್ಟು ಡಬ್ಲಿನ್ನಿನ ಆ್ಯಬಿ ಥಿಯೇಟರ್ ಸೇರಿದವನು. ಆಮೇಲೆ 2017ರಲ್ಲಿ ಲಂಡನ್ನಲ್ಲಿ ಹ್ಯಾಮ್ಲೆಟ್ ಮಾಡಿದ, 2023ರಲ್ಲಿ ಚೆಕಾಫ್‌ನ ವಾನ್ಯಾ ನಾಟಕದ ಎಲ್ಲಾ ಪಾತ್ರನೂ ಒಬ್ಬನೇ ಮಾಡಿದ. ಒಬ್ಬನೇ ಎಲ್ಲಾ ಪಾತ್ರ! ಬ್ರೂಕ್ ಸೀನ್ ನೋಡಿದೋರಿಗೆ ಅದೇನೂ ಆಶ್ಚರ್ಯ ಅಲ್ಲ ಬಿಡಿ.

ಭದ್ರಾವತಿ_ಬಾಯ್ಲರ್

ಇದು ಓದಿದ ಮೇಲೆ ಆ ಸೀನ್ ಮತ್ತೆ ಹಾಕ್ಕೊಂಡು ನೋಡ್ದೆ. ಸರಿ ಒಪ್ಪಿದೆ, ಇದು ಚೆನ್ನಾಗಿದೆ. ಪೂಲ್ ಸೀನ್ ಇನ್ನೂ ಓವರ್ರೇ.

ಆದ್ರೆ ಒಂದು ಹೇಳಿ, ಸತ್ತೋನನ್ನ ಯಾಕೆ ಬಿಡ್ಲಿಲ್ಲ ಆ ಪುಣ್ಯಾತ್ಮರು? ಟೆರೇಸ್ ಮೇಲೆ ಶರ್ಲಾಕ್ ಕೈ ಕುಲುಕಿ ಥ್ಯಾಂಕ್ಸ್ ಹೇಳಿ ಬಾಯೊಳಗೆ ಪಿಸ್ತೂಲ್ ಇಟ್ಕೊಂಡು ಹೊಡ್ಕೊಂಡ, ಮುಗೀತು. 2014ರಲ್ಲಿ ಮತ್ತೆ ಟಿವಿ ಸ್ಕ್ರೀನಲ್ಲೆಲ್ಲ ಅವನ ಮುಖ, ನನ್ನ ನೆನಪಾಯ್ತಾ ಅಂತ. 2016ರ ಸ್ಪೆಷಲ್ಲಿ ಮತ್ತೆ. 2017ರಲ್ಲಿ ಹಳೇ ಕಥೆ ಅಂತ ಹೆಲಿಕಾಪ್ಟರಿಂದ ಇಳಿಸಿ ಹಾಡು ಹಾಕಿ ಕುಣಿಸಿದ್ರು. ಹಬ್ಬ ಮುಗಿದ್ರೂ ಮೈಕ್ ಸೆಟ್ ಬಿಚ್ಚಲ್ಲ ಅಂತಾರಲ್ಲ ಹಂಗೆ.

ರಂಗದ_ಹಿಂದೆ

ಅದು ಬರೆದೋರ ಸೋಲು, ನಟನ ಗೆಲುವು. ಅವನು ಬಿಟ್ಟು ಹೋದ ಜಾಗ ತುಂಬೋಕೆ ಆಗ್ಲಿಲ್ಲ ಅವರಿಗೆ.

ಮಂಡಗದ್ದೆ_ಹಕ್ಕಿ

ಟೆರೇಸ್ ಬಗ್ಗೆ ಬಾಯ್ಲರ್ ಹೇಳಿದ್ದು ನನ್ನ ಬೇಜಾರಿನ ವಾದಕ್ಕೇ ಬಂದು ಸೇರತ್ತೆ. ಆ ಸೀನ್ ಶುರುವಾಗೋದೇ ಅವನು ಕಟ್ಟೆ ಮೇಲೆ ಕೂತು ಮೊಬೈಲಲ್ಲಿ ಬೀ ಜೀಸ್‌ನ ಸ್ಟೇಯಿನ್ ಅಲೈವ್ ಹಾಕ್ಕೊಂಡಿರೋದ್ರಿಂದ. ಅದೇ ಹಾಡು ಪೂಲ್ ಹತ್ರ ರಿಂಗ್‌ಟೋನಾಗಿ ಬಂದಾಗ ಎಲ್ರೂ ನಕ್ಕಿದ್ವಿ. ಇಲ್ಲಿ ಅದನ್ನ ಆಫ್ ಮಾಡಿ, ಬದುಕಿರೋದೇ ಎಷ್ಟು ಬೋರು ಅನ್ನೋ ಥರ ಮಾತಾಡ್ತಾನೆ. ಶರ್ಲಾಕೂ ಎಲ್ಲರ ಹಾಗೇ ಸಾಮಾನ್ಯ ಮನುಷ್ಯ ಅಂತ ಗೊತ್ತಾದಾಗ ಅವನ ಮುಖ ನೋಡಿ, ಗೆದ್ದ ಖುಷಿ ಒಂಚೂರೂ ಇಲ್ಲ, ಮೇಳದವರು ಬರಲ್ಲ ಅಂತ ಗೊತ್ತಾದ ಹುಡುಗನ ಮುಖ. ಆಮೇಲೆ ಶರ್ಲಾಕ್ ಕಣ್ಣಲ್ಲಿ ಏನೋ ಕಂಡು, ಇಲ್ಲ ನೀನು ನನ್ನ ಹಾಗೇ ಅಂತ ಗೊತ್ತಾಗಿ, ಆ ಖುಷಿಗೆ ಕಣ್ಣು ತುಂಬಿ ಬರತ್ತೆ. ಆ ಖುಷೀಲೇ ಗುಂಡು ಹೊಡ್ಕೊಳ್ತಾನೆ, ಅವನು ಬದುಕಿದ್ರೆ ಶರ್ಲಾಕ್‌ಗೆ ತಪ್ಪಿಸ್ಕೊಳ್ಳೋಕೆ ದಾರಿ ಇರತ್ತೆ ಅಂತ. ಇಡೀ ಸೀರಿಯಲ್ಲಲ್ಲಿ ಅವನಿಗೆ ಬೇಜಾರಿಲ್ದೆ ಇದ್ದ ಗಳಿಗೆ ಅಂದ್ರೆ ಅದೊಂದೇ ಅನ್ಸತ್ತೆ.

ಸಾಗರ_ಮೇಷ್ಟ್ರು

ನೀವು ಇಷ್ಟು ಹೇಳಿದ ಮೇಲೆ ಮೊಮ್ಮಗನ ಹತ್ತಿರ ಹಾಕಿಸಿಕೊಂಡು ಆ ಟೀ ಪ್ರಸಂಗ ನೋಡಿದೆ. ಕುರ್ಚಿ ಬದಲಾಯಿಸುವುದು ಚೆನ್ನಾಗಿದೆ. ತಾಳಮದ್ದಲೆಯಲ್ಲಿ ಎದುರಾಳಿ ಕೇಳಿದ ಪ್ರಶ್ನೆ ಬಿಟ್ಟು ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅರ್ಥಧಾರಿಗಳಿದ್ದರು, ಅವರ ನೆನಪಾಯಿತು. ಸೇಬು ಕೆತ್ತುವಾಗ ಅದರ ಕಡೆ ನೋಡುವುದೇ ಕಡಿಮೆ, ಅದೂ ಚೆನ್ನಾಗಿದೆ. ಆದರೂ ನನ್ನ ಮೊರಿಯಾರ್ಟಿ ಎರಿಕ್ ಪೋರ್ಟರ್. ಅದರಲ್ಲಿ ಬದಲಾವಣೆ ಇಲ್ಲ.

ಎಳ್ಳಮಾಸೆ_ಜಾತ್ರೆ

ಮೇಷ್ಟ್ರು ಇಷ್ಟು ಒಪ್ಪಿದ್ದೇ ದೊಡ್ಡದು, ಸ್ಕ್ರೀನ್‌ಶಾಟ್ ತೆಗ್ದಿಟ್ಕೊಳ್ಳಿ ಯಾರಾದ್ರೂ.

ಹೊಸನಗರ_ಮಳೆ

ನಾನು ಮೇಲಿನದು ಏನೂ ಓದಿಲ್ಲ ಪ್ರಾಮಿಸ್, ಸೀದಾ ಕೆಳಗೆ ಬಂದೆ. ಮೊದಲನೇ ಎಪಿಸೋಡ್ ಅರ್ಧ ಆಯ್ತು, ಕರೆಂಟ್ ಹೋಯ್ತು. ಒಂದೇ ಒಂದು ಡೌಟು, ಆ ಗೋಡೌನಲ್ಲಿ ಛತ್ರಿ ಹಿಡ್ಕೊಂಡು ನಿಂತಿದಾನಲ್ಲ ಒಬ್ಬ ಎತ್ತರದೋನು, ಅವನೇ ಮೊರಿಯಾರ್ಟಿ ಅಲ್ವಾ?? ನಂಗೆ ಆಗ್ಲೇ ಗೊತ್ತಾಗೋಯ್ತು!!

ರಂಗದ_ಹಿಂದೆ

😶

ಮಂಡಗದ್ದೆ_ಹಕ್ಕಿ

ಯಾರೂ ಮಾತಾಡ್ಬೇಡಿ.

ಅಡಿಕೆ_ಚೇಣಿ

ಹೌದು ತಂಗಿ ಅವನೇ. ಭಾರೀ ಹುಷಾರಿದೀಯ ನೀನು, ಮುಂದೆ ನೋಡು.